ಬಸ್ಸಿನ ಮೇಲಿನ ಕಬ್ಬಿನ ಹೊರೆ

ಹೋದ ತಿಂಗಳು ಇಬ್ಬರು ಹುಡುಗಿಯರು ಒಂಟಿಕೊಪ್ಪಲಿನ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಪ್ರವಾಸಿ ಮಾರ್ಗದರ್ಶಿ ಕೆಲಸಕ್ಕೆ ಹೊಸದಾಗಿ ಸೇರಿದವರು. ಕೊರಳಿನ ಗುರುತಿನ ಚೀಟಿಯ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ. "ಮೇಡಂ, ನೀವು ಬಸ್ಸಲ್ಲಿ ಏನೇನು ಹೇಳ್ತಿದ್ರೋ ಅದನ್ನೆಲ್ಲ ಬರೆದುಕೊಟ್ಬುಡಿ, ಬಾಯಿಪಾಠ ಮಾಡ್ಕೋತೀವಿ" ಎಂದರು. ಕಾಫಿ ಕೊಟ್ಟು, ಬರೆದುಕೊಡುತ್ತೇನೆ ಎಂದು ಹೇಳಿ ಕಳಿಸಿದೆ. ಬರೆಯಲು ಕೂತಾಗ ಗೊತ್ತಾಯಿತು, ನಾನು ಹೇಳುತ್ತಿದ್ದುದೆಲ್ಲ ಈಗ ಯಾವ ಫೋನಿನಲ್ಲಾದರೂ ಸಿಗುತ್ತದೆ. ಸಿಗದೇ ಇರುವುದು ನಾನು ಮಾಡಿದ ಎಡವಟ್ಟುಗಳು ಮಾತ್ರ. ಅವು ನನ್ನ ಸ್ವಂತ ಆಸ್ತಿ. ಅವನ್ನೇ ಬರೆದುಕೊಡುತ್ತಿದ್ದೇನೆ, ಹುಡುಗಿಯರು ಬೈದುಕೊಳ್ಳಬಾರದು.

ನಾನು ಕೆಲಸಕ್ಕಿದ್ದದ್ದು ಸರಸ್ವತಿಪುರಂನ ಒಂದು ಸಣ್ಣ ಪ್ರವಾಸಿ ಕಂಪನಿಯಲ್ಲಿ. ಎರಡು ಬಸ್ಸು, ಒಂದು ವ್ಯಾನು, ಮುಂದೆ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟು, ಪಕ್ಕದಲ್ಲಿ ದೋಸೆ ಹೋಟೆಲು. ಮ್ಯಾನೇಜರು ಶಿವಲಿಂಗಪ್ಪನವರು. ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ತೊಂಬತ್ತರ ದಶಕದ ಮೊದಲ ವರ್ಷಗಳವು. ಮೈಸೂರಿನಲ್ಲಿ ಎಲ್ಲರೂ ಅರಮನೆ, ಬೆಟ್ಟ, ಮೃಗಾಲಯ ಎಂದು ಒಂದೇ ಸುತ್ತು ಹೊಡೆಸುತ್ತಿದ್ದಾಗ ಇವರ ತಲೆಗೆ ಬೇರೆಯದೇ ಹೊಳೆಯಿತು. ಕಪಿಲೆಯ ದಂಡೆಯ ಉದ್ದಕ್ಕೆ ಒಂದು ದಿನದ ಪ್ರವಾಸ. ಗುಡಿ ಒಂದೇ ಒಂದು, ಮಿಕ್ಕಿದ್ದೆಲ್ಲ ಜನ ಹೇಗೆ ಬದುಕುತ್ತಾರೆ ಎಂದು ತೋರಿಸುವುದು. "ನದಿ ಏನು ಕೊಡುತ್ತೆ, ಜನ ಅದನ್ನ ಏನು ಮಾಡ್ಕೋತಾರೆ, ಅಷ್ಟೇ ತೋರಿಸಮ್ಮ ಜಯಮ್ಮ" ಎಂದು ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಆ ಕಣಿವೆ ದೊಡ್ಡದಲ್ಲ. ಬೆಳಿಗ್ಗೆ ಏಳೂವರೆಗೆ ಹೊರಟು ನಂಜನಗೂಡು ದಾಟಿ ಎಡಕ್ಕೆ ತಿರುಗಿದರೆ ಸಂಜೆಯೊಳಗೆ ಆ ತುದಿ ಮುಟ್ಟಿ ಬರಬಹುದು. ಆದರೆ ಬಸ್ಸಿನ ಒಂದು ಕಿಟಕಿಯಲ್ಲಿ ಅಲ್ಲಿನ ಸಂಸಾರವೆಲ್ಲ ಕಾಣುತ್ತಿತ್ತು. ಹೊಳೆಯ ಮೆಕ್ಕಲು ಮಣ್ಣಿನಲ್ಲಿ ಬಾಳೆ, ಅದರಿಂದ ಮೇಲೆ ಭತ್ತ, ಇನ್ನೂ ಮೇಲೆ ಕಬ್ಬು, ಅದರ ನೆತ್ತಿಗೆ ನಾಲೆ. ನಾಲೆಯಿಂದ ಆಚೆಗೆ ಹಠಾತ್ತನೆ ಹಿಪ್ಪುನೇರಳೆ, ರಾಗಿ, ಕುರಿ. ನಾಲೆಯ ಕೆಳಗಿದ್ದವನ ಮನೆಗೆ ತಾರಸಿ, ಮೇಲಿದ್ದವನ ಮನೆಗೆ ನಾಡಹೆಂಚು. ಒಂದೇ ಊರು, ಒಂದೇ ಜಾತಿ, ಅಣ್ಣತಮ್ಮಂದಿರೇ ಇರಬಹುದು, ನೀರು ಯಾರ ಹೊಲದ ಪಕ್ಕ ಹೋಯಿತು ಎನ್ನುವುದರ ಮೇಲೆ ಮಕ್ಕಳ ಸ್ಕೂಲು ಬೇರೆಯಾಗುತ್ತಿತ್ತು. ಇದನ್ನು ನೋಡಲು ನನಗೆ ಎರಡು ವರ್ಷ ಬೇಕಾಯಿತು. ಮೊದಲು ನಾನು ನೋಡುತ್ತಿದ್ದದ್ದು ನನ್ನ ಕೈಯಲ್ಲಿದ್ದ ಹಾಳೆಗಳನ್ನು.

ಆ ಹಾಳೆಗಳ ಕಥೆ ಹೇಳಿಬಿಡುತ್ತೇನೆ. ಗ್ರಂಥಾಲಯದಲ್ಲಿ ಕೂತು ಎಕರೆ, ಕ್ವಿಂಟಾಲು, ಕ್ಯೂಸೆಕ್ಸು ಎಲ್ಲ ಬರೆದುಕೊಂಡು ಹೋಗಿದ್ದೆ. ಮೈಕು ಹಿಡಿದು ಓದಲು ಶುರುಮಾಡಿದರೆ ಕಾಲು ಗಂಟೆಯೊಳಗೆ ಬಸ್ಸಿನಲ್ಲಿ ಗೊರಕೆ. ಹಿಂದಿನ ಸೀಟಿನಲ್ಲಿ ಶಿವಲಿಂಗಪ್ಪನವರೇ ಬಾಯಿ ತೆರೆದು ಮಲಗಿದ್ದರು. ಅವರಿಗಿಂತ ದೊಡ್ಡ ಪರೀಕ್ಷಕರು ಬೇಕೆ? ಇಳಿಯುವಾಗ ಕಣ್ಣುಜ್ಜಿಕೊಂಡು, "ಎಕರೆ ಲೆಕ್ಕ ಬಿಟ್ಬುಡಮ್ಮ. ಮುಟ್ಟೋಕೆ ಏನಾದ್ರೂ ಕೊಡು, ತಿನ್ನೋಕೆ ಏನಾದ್ರೂ ಕೊಡು" ಎಂದರು. ಇಷ್ಟು ವರ್ಷಗಳಲ್ಲಿ ಮೇಲಿನವರು ಹೇಳಿದ ಮಾತುಗಳಲ್ಲಿ ಕೆಲಸಕ್ಕೆ ಬಂದದ್ದು ಇದೊಂದೇ. ಆದರೆ ನನ್ನನ್ನು ಹಳ್ಳಕ್ಕೆ ಕೆಡವಿದ್ದೂ ಇದೇ ಮಾತು.

ಇನ್ನೊಂದು ಎಡವಟ್ಟು. ಕೊಲ್ಕತ್ತಾದಿಂದ ಬಂದಿದ್ದ ಮೂವತ್ತು ಜನರಿಗೆ ದಾರಿಯುದ್ದಕ್ಕೂ ನಾಲೆಯ ವೈಭವ ಬಣ್ಣಿಸಿ, ಏರಿ ಹತ್ತಿಸಿ, "ಇಗೋ ನೋಡಿ" ಎಂದು ಕೈ ತೋರಿಸಿದೆ. ನಾಲೆಯ ಒಳಗೆ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ನೀರು ನಿಲ್ಲಿಸಿ ಹತ್ತು ದಿನವಾಗಿತ್ತಂತೆ. ಯಾವ ತಿಂಗಳಲ್ಲಿ ನೀರು ಬಿಡುತ್ತಾರೆ, ಯಾವಾಗ ನಿಲ್ಲಿಸುತ್ತಾರೆ ಎಂದು ಮೊದಲೇ ಕೇಳಿಕೊಂಡು ಬರಬೇಕೆಂಬ ಬುದ್ಧಿ ನನಗಿರಲಿಲ್ಲ. ನಮ್ಮ ಡ್ರೈವರ್ ಮಹದೇವ ಸ್ಟೀರಿಂಗ್ ಮೇಲೆ ತಲೆಯಿಟ್ಟು ನಗುತ್ತಿದ್ದ. "ಮೇಡಮ್ಮೋರೇ, ನನ್ನನ್ನ ಒಂದು ಮಾತು ಕೇಳಿದ್ರೆ ಏನು ನಿಮ್ಮ ಗಂಟು ಹೋಗ್ತಿತ್ತಾ? ನಾನು ಈ ಕಡೆಯೋನೇ ಕಣ್ರೀ" ಎಂದ. ಅಲ್ಲಿಂದ ಮುಂದೆ ಅವನನ್ನು ಕೇಳದೆ ನಾನು ಒಂದು ಹೆಜ್ಜೆ ಇಡಲಿಲ್ಲ. ನೀವೂ ಅಷ್ಟೇ, ಪುಸ್ತಕ ಓದುವ ಮೊದಲು ಡ್ರೈವರನ್ನು ಓದಿ.

ಆಲೆಮನೆ ತೋರಿಸಿದವನೂ ಮಹದೇವನೇ. ಮಾವಿನಹುಂಡಿ ಎಂಬ ಊರಿನ ಹೊರಗೆ, ರಸ್ತೆಯಿಂದ ಕೂಗಳತೆಯಲ್ಲಿ, ಸಿದ್ದೇಗೌಡ ಮತ್ತು ಅವರ ಹೆಂಡತಿ ಪುಟ್ಟತಾಯಮ್ಮನ ಆಲೆಮನೆ. ತೆಂಗಿನ ಗರಿಯ ಒಂದು ಚಪ್ಪರ, ಡೀಸೆಲ್ ಇಂಜಿನ್ನಿನ ಗಾಣ, ನೆಲದೊಳಗೆ ತೋಡಿದ ಒಲೆ, ಅದರ ಮೇಲೆ ಎತ್ತು ಮುಳುಗುವಷ್ಟು ಅಗಲದ ಕೊಪ್ಪರಿಗೆ. ಗಂಡ ಗಾಣ ನೋಡಿಕೊಳ್ಳುತ್ತಿದ್ದರು, ಸೊಸೆ ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ಉಣಿಸುತ್ತಿದ್ದಳು, ಪುಟ್ಟತಾಯಮ್ಮ ಕೊಪ್ಪರಿಗೆಯ ಪಕ್ಕ ನಿಂತು ಹದ ನೋಡುತ್ತಿದ್ದರು. ಬೆಲ್ಲದ ಹದ ಎಂದರೆ ನಾಲ್ಕೈದು ನಿಮಿಷದ ಆಟ. ಮುಂಚೆ ಇಳಿಸಿದರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ, ತಡವಾದರೆ ಕಪ್ಪಾಗುತ್ತದೆ. ಆ ಊರಿನಲ್ಲಿ ಪುಟ್ಟತಾಯಮ್ಮನ ಹದಕ್ಕೆ ಹೆಸರಿತ್ತು.

ಮೊದಲ ಸಲ ಹನ್ನೆರಡು ಜನರನ್ನು ಕರೆದುಕೊಂಡು ಹೋಗಿದ್ದೆ. ಹಳೇ ಮೈಸೂರಿನ ಕಡೆ ಆಲೆಮನೆಗೆ ಯಾರು ಬಂದರೂ ಇಲ್ಲ ಎನ್ನುವ ಪದ್ಧತಿಯಿಲ್ಲ. ದಾರಿಹೋಕನಿರಲಿ, ದಾಯಾದಿಯಿರಲಿ, ಮನೆಯವರು ಎದ್ದು ಬಂದು ತಮ್ಮ ಕೈಯಾರೆ ಒಂದು ಲೋಟ ಕಬ್ಬಿನ ಹಾಲು, ಒಂದು ಮುದ್ದೆ ಬಿಸಿ ಬೆಲ್ಲ ಕೊಡಬೇಕು. ಪುಟ್ಟತಾಯಮ್ಮ ಹನ್ನೆರಡು ಜನರಿಗೂ ಕೊಟ್ಟರು. ದುಡ್ಡು ಕೊಡಲು ಹೋದ ಒಬ್ಬರ ಕೈಯನ್ನು ಹಾಗೇ ಹಿಂದಕ್ಕೆ ತಳ್ಳಿ, "ಆಲೆಮನೇಲಿ ಹಾಲು ಮಾರ್ತಾರಾ ತಾಯಿ? ಕುಡಿರಿ ಕುಡಿರಿ" ಎಂದರು. ಬಂದವರು ಕರಗಿ ನೀರಾದರು. ಆಫೀಸಿನ ಅಭಿಪ್ರಾಯ ಪುಸ್ತಕದಲ್ಲಿ ಹನ್ನೆರಡಕ್ಕೆ ಹನ್ನೆರಡು ಜನವೂ ಆಲೆಮನೆಯ ಬಗ್ಗೆಯೇ ಬರೆದಿದ್ದರು.

ಅಲ್ಲಿಗೆ ನನ್ನ ತಲೆ ತಿರುಗಿತು. ಪ್ರತಿ ಶನಿವಾರ ನಲವತ್ತು ಜನರನ್ನು ಇಳಿಸತೊಡಗಿದೆ. ಮೈಕಿನಲ್ಲಿ, "ಇಲ್ಲಿ ಯಾರಿಗೂ ಇಲ್ಲ ಅನ್ನುವುದಿಲ್ಲ, ಎಷ್ಟು ಬೇಕಾದರೂ ಕೇಳಿ" ಎಂದು ನಾನೇ ದೊಡ್ಡ ಮನಸ್ಸಿನವಳ ಹಾಗೆ ಘೋಷಿಸುತ್ತಿದ್ದೆ. ಊರಿಗೆ ಪ್ರವಾಸಿಗರು ಬಂದರೆ ಊರು ಉದ್ಧಾರವಾಗುತ್ತದೆ ಎಂದು ನಂಬಿದ್ದ ಕಾಲ. ಕಂಡವರ ಬೆಲ್ಲದಲ್ಲಿ ನಾನು ದಾನಶೂರೆಯಾಗಿದ್ದೇನೆ ಎಂದು ಒಂದು ಸಲವೂ ಹೊಳೆಯಲಿಲ್ಲ. ಒಬ್ಬರು ನೀರಿನ ಬಾಟಲಿಗೆ ಹಾಲು ತುಂಬಿಸಿಕೊಂಡರು, ಇನ್ನೊಬ್ಬರು ಬೆಲ್ಲದ ಹದ ಮಾಡುವುದನ್ನು ಮತ್ತೊಮ್ಮೆ ಮಾಡಿ ತೋರಿಸಿ, ಫೋಟೋ ಬೇಕು ಎಂದರು. ಪುಟ್ಟತಾಯಮ್ಮ ನಗುತ್ತಲೇ ಇದ್ದರು. ಅವರ ನಗು ವಾರದಿಂದ ವಾರಕ್ಕೆ ಚಿಕ್ಕದಾಗುತ್ತಿತ್ತೆಂದು ಆಮೇಲೆ ಮಹದೇವ ಹೇಳಿದ. ನಾನು ಜನರನ್ನು ಎಣಿಸುವುದರಲ್ಲಿದ್ದೆ.

ಸಂಕ್ರಾಂತಿ ಕಳೆದು ಎರಡು ವಾರವಾಗಿರಬೇಕು. ಹೋದರೆ ಆಲೆಮನೆಯ ಒಲೆ ತಣ್ಣಗಿತ್ತು. ಕಡಿದ ಕಬ್ಬು ರಾಶಿ ಬಿದ್ದಿತ್ತು. ಸಿದ್ದೇಗೌಡರು ಟವೆಲು ಕೊಡವುತ್ತಾ, "ಇಂಜಿನ್ ಕೆಟ್ಟದೆ ಕಣವ್ವ" ಎಂದರು. ಮುಂದಿನ ಶನಿವಾರವೂ ಕೆಟ್ಟಿತ್ತು. ಅದರ ಮುಂದಿನದೂ. ಆ ಮೂರನೇ ಸಲ ವಾಪಸು ಬರುವಾಗ ಹೊಳೆಯ ತಿರುವಿನಲ್ಲಿ ಮಹದೇವ ಬಸ್ಸು ನಿಧಾನ ಮಾಡಿ ಕನ್ನಡಿಯಲ್ಲಿ ನೋಡಿ ಎಂದು ಸನ್ನೆ ಮಾಡಿದ. ಮಾವಿನಹುಂಡಿಯ ಕಡೆ ದಪ್ಪಗೆ ಹೊಗೆ ಏಳುತ್ತಿತ್ತು. ನಾವು ಬೆನ್ನು ತಿರುಗಿಸಿದ ಮೇಲೆ ಒಲೆ ಹಚ್ಚಿದ್ದರು.

ನನಗೆ ಸಿಟ್ಟು ಬಂತು. ಸುಳ್ಳೇಕೆ ಹೇಳಲಿ, ಅಳುವೂ ಬಂತು. ಇತ್ತ ಶಿವಲಿಂಗಪ್ಪನವರು, "ಆಲೆಮನೆ ಇಲ್ದಿದ್ರೆ ಈ ಟ್ರಿಪ್ಪೇ ಬೇಡ ಜಯಮ್ಮ, ನಿಲ್ಲಿಸ್ಬುಡೋಣ" ಎಂದು ಬಿಟ್ಟರು. ನನ್ನ ಕೆಲಸ ನಿಂತಿದ್ದದ್ದೇ ಆ ಟ್ರಿಪ್ಪಿನ ಮೇಲೆ. ಮಂಗಳವಾರ ನನ್ನ ರಜೆ. ಯಾರಿಗೂ ಹೇಳದೆ ಸರ್ಕಾರಿ ಬಸ್ಸು ಹತ್ತಿ ಮಾವಿನಹುಂಡಿಗೆ ಹೋದೆ. ಜಗಳ ಆಡಲೆಂದೇ ಹೋಗಿದ್ದೆ.

ಗಾಣ ಭರ್ರನೆ ಓಡುತ್ತಿತ್ತು. ನನ್ನನ್ನು ಕಂಡು ಸಿದ್ದೇಗೌಡರು ನನ್ನ ಹಿಂದೆ ಕಣ್ಣು ಹಾಯಿಸಿದರು, ಬಸ್ಸು ಎಲ್ಲಿ ಎಂದು. ಬಸ್ಸಿಲ್ಲ ಎಂದು ತಿಳಿದ ಮೇಲೆ ಅವರ ಮುಖ ಸಡಿಲವಾಯಿತು. ಆ ಸಡಿಲವಾದ ಮುಖವನ್ನು ನೋಡಿಯೇ ನನ್ನ ಅರ್ಧ ಸಿಟ್ಟು ಇಳಿದುಹೋಯಿತು.

"ಯಾಕೆ ಗೌಡ್ರೇ ಸುಳ್ಳು ಹೇಳಿದ್ರಿ? ಬರಬೇಡಿ ಅಂತ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?" ಎಂದೆ.

"ಎಂಗೆ ಹೇಳದು?" ಎಂದರು ಅವರು. "ಆಲೆಮನೆಗೆ ಬಂದೋರ್ನ ಬರಬ್ಯಾಡಿ ಅನ್ನಕ್ಕಾಯ್ತದಾ? ಒಲೆ ಹಚ್ಚಿದ್ರೆ ಕೊಡಬೇಕು. ಅದ್ಕೇ ನೀವು ಬಂದು ಹೋಗೋ ಗಂಟ ಒಲೆ ಹಚ್ಚದೇ ಬುಟ್ವಿ."

ಉಳಿದದ್ದನ್ನು ಸೊಸೆ ಹೇಳಿದಳು. ಪುಟ್ಟತಾಯಮ್ಮ ಬಾಯಿ ಬಿಡುವವರಲ್ಲ. ನಮ್ಮ ಬಸ್ಸು ಬರುತ್ತಿದ್ದದ್ದು ಹತ್ತು ಗಂಟೆಗೆ. ಬೆಳಗಿನ ಕೊಪ್ಪರಿಗೆ ಹದಕ್ಕೆ ಬರುವುದೂ ಸರಿಯಾಗಿ ಆ ಹೊತ್ತಿಗೇ. ನೆಂಟರು ಬಂದರೆ ಮನೆಯವರು ಎದ್ದು ಹೋಗಿ ಕೈಯಾರೆ ಕೊಡಬೇಕು. ನಲವತ್ತು ಜನಕ್ಕೆ ಲೋಟ ಹಿಡಿಯುವಷ್ಟರಲ್ಲಿ ಹದ ಮೀರಿರುತ್ತಿತ್ತು. ಮೂರು ಶನಿವಾರ ಇಡೀ ಕೊಪ್ಪರಿಗೆ ಕಪ್ಪಾಯಿತು. ಮಂಡಿಯಲ್ಲಿ ವ್ಯಾಪಾರಿ ಅಚ್ಚು ಒಡೆದು ನೋಡಿ, "ಏನು ಪುಟ್ಟತಾಯಮ್ಮ, ಕಣ್ಣು ಮಂಜಾಯ್ತಾ?" ಎಂದು ನಾಲ್ಕು ಜನರ ಮುಂದೆ ಕೇಳಿದನಂತೆ. ಅದಕ್ಕೇ ಶನಿವಾರ ಒಲೆಯನ್ನು ಮಧ್ಯಾಹ್ನಕ್ಕೆ ತಳ್ಳಿದ್ದರು. ಕಡಿದ ಕಬ್ಬು ಕಾದಷ್ಟೂ ಹುಳಿ ಹಿಡಿಯುತ್ತದೆ, ಅದರಲ್ಲೂ ನಷ್ಟ. "ಬರೋ ವರ್ಸದಿಂದ ಕಬ್ನ ಕಾರ್ಖಾನೆಗೇ ಹಾಕ್ಬುಡದು ಅಂತಾವ್ರೆ ನಮ್ಮಾವ. ಗಾಣ ಮಾರ್ಬುಡ್ತಾರಂತೆ" ಎಂದಳು.

ಪುಟ್ಟತಾಯಮ್ಮ ಕೊಪ್ಪರಿಗೆಯಿಂದ ಮುಖ ಎತ್ತಲಿಲ್ಲ. ಅತ್ತೆಯಿಂದ ಅವರಿಗೆ ಬಂದು, ಅವರಿಂದ ಸೊಸೆಗೆ ಹೋಗಬೇಕಾಗಿದ್ದ ಒಲೆ ಅದು. ಒಂದು ಮನೆಯ ಬದುಕನ್ನು, ಒಬ್ಬ ಹೆಂಗಸಿನ ಕೈಯ ಹೆಸರನ್ನು ನಾನು ಬಸ್ಸು ತಂದು ಹಾಳು ಮಾಡಿದ್ದೆ. ಅದೂ ಮೈಕಿನಲ್ಲಿ ಹೊಗಳಿ ಹೊಗಳಿ. ನಾಚಿಕೆಯಿಂದ ಅಲ್ಲೇ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕೂತುಬಿಟ್ಟೆ.

ಹಾಗೆ ಕೂತಿದ್ದಾಗ ಗಾಡಿಯೊಂದು ಬಂತು. ಪಕ್ಕದ ಊರಿನ ಮುದುಕರೊಬ್ಬರು ಅರ್ಧ ಗಾಡಿ ಕಬ್ಬು ತಂದಿದ್ದರು. ಸ್ವಂತ ಗಾಣವಿಲ್ಲದ ಸಣ್ಣ ರೈತರು ಹೀಗೆ ಬೇರೆಯವರ ಆಲೆಮನೆಗೆ ಕಬ್ಬು ತಂದು ಆಡಿಸಿಕೊಂಡು ಹೋಗುತ್ತಾರೆ, ಬಾಡಿಗೆಗೆ ಬೆಲ್ಲದಲ್ಲೇ ಒಂದು ಪಾಲು ಬಿಡುತ್ತಾರೆ. ಅದನ್ನು ನಾನು ಎಷ್ಟೋ ಸಲ ನೋಡಿದ್ದೆ. ಅವತ್ತು ಮೊದಲ ಸಲ ಕಣ್ಣು ಬಿಟ್ಟು ನೋಡಿದೆ. ಮುದುಕರನ್ನು ಕಂಡು ಯಾರೂ ಏಳಲಿಲ್ಲ. ಪುಟ್ಟತಾಯಮ್ಮ ಕೊಪ್ಪರಿಗೆ ಬಿಟ್ಟು ಕದಲಲಿಲ್ಲ. "ಇದು ಇಳಿಲಿ, ಆಮ್ಯಾಕೆ ನಿಂದು" ಎಂದು ಕೂತಲ್ಲಿಂದಲೇ ಗೌಡರು ಹೇಳಿದರು. ಮುದುಕರು ಬೀಡಿ ಹಚ್ಚಿ ಸರದಿ ಕಾದರು. ಬೆಲ್ಲ ಅಚ್ಚಿಗೆ ಇಳಿದ ಮೇಲೆ ತಮ್ಮ ಕಬ್ಬನ್ನು ತಾವೇ ಹೊತ್ತು ತಂದು ಗಾಣಕ್ಕೆ ಕೊಟ್ಟರು, ತಾವೇ ಲೋಟ ಹಿಡಿದು ಕುಡಿದರು, ಇನ್ನೊಂದು ಲೋಟ ತುಂಬಿ ನನಗೂ ಕೊಟ್ಟರು. "ಕುಡಿ ತಾಯಿ, ನಂದೇ ಕಬ್ಬು" ಎಂದರು.

ಲೋಟ ಕೈಯಲ್ಲಿ ಹಿಡಿದುಕೊಂಡೇ ಕೇಳಿದೆ. "ಗೌಡ್ರೇ, ನಾವೂ ಕಬ್ಬು ತಂದ್ರೆ?"

ಗೌಡರು ನಕ್ಕರು. "ನೀವು ಪ್ಯಾಟೆಯೋರು ಎಲ್ಲಿಂದ ತತ್ತೀರಿ?"

"ಎಲ್ಲಿಂದಾದ್ರೂ ತರ್ತೀವಿ. ಸರದಿ ಕಾಯ್ತೀವಿ. ನೀವು ಯಾರೂ ಏಳಬೇಡಿ. ನಮ್ಮ ಕಬ್ಬು ನಾವೇ ಹೊರ್ತೀವಿ, ನಮ್ಮ ಲೋಟ ನಾವೇ ತರ್ತೀವಿ. ಪಾಲೂ ಬಿಡ್ತೀವಿ."

ಅವರು ಹೆಂಡತಿಯ ಕಡೆ ನೋಡಿದರು. ಪುಟ್ಟತಾಯಮ್ಮ ಆಗ ಮೊದಲ ಸಲ ಮಾತಾಡಿದರು. "ಕಬ್ಬು ತಂದೋರ್ಗೆ ಆಡಿಸ್ಕೊಡ್ತೀವಿ. ಯಾರು ತಂದ್ರೂ ಆಡಿಸ್ಕೊಡ್ತೀವಿ." ಅಷ್ಟೇ ಹೇಳಿ ಮತ್ತೆ ಕೊಪ್ಪರಿಗೆಯ ಕಡೆ ತಿರುಗಿದರು. ನಾನು ತಪ್ಪಾಯ್ತು ಎಂದೆ. ಅವರು ಸೌಟಿನಿಂದ ನೊರೆ ತೆಗೆಯತೊಡಗಿದರು.

ಶಿವಲಿಂಗಪ್ಪನವರಿಗೆ ಇದನ್ನು ಒಪ್ಪಿಸುವುದು ಸುಲಭವಿರಲಿಲ್ಲ. "ನಾನು ಬಸ್ಸು ಓಡಿಸ್ತಾ ಇದ್ದೀನೋ ಗಾಣ ಓಡಿಸ್ತಾ ಇದ್ದೀನೋ? ನಾಳೆ ಗದ್ದೆ ತೋರಿಸೋಕೆ ಕೋಣ ತಗೊಂಡ್ಬಾ ಅಂತೀಯ" ಎಂದು ರೇಗಿದರು. ಪಕ್ಕದ ಹೋಟೆಲಿನಿಂದ ದೋಸೆ ತರಿಸಿ ತಿಂದಾದ ಮೇಲೆ, "ಒಂದು ಶನಿವಾರ ನೋಡೋಣ" ಎಂದರು. ನಮ್ಮ ಮ್ಯಾನೇಜರ ಒಳ್ಳೆಯ ತೀರ್ಮಾನಗಳೆಲ್ಲ ದೋಸೆಯ ನಂತರದವು.

ಆ ಮೊದಲ ಶನಿವಾರ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಂಜನಗೂಡಿಗೆ ಮುಂಚೆ ರಸ್ತೆಯ ಪಕ್ಕದಲ್ಲೇ ಮಹದೇವನ ಮಾವನ ಗದ್ದೆ. ಎರಡು ಹೊರೆ ಕಬ್ಬು ಕಡಿಸಿ, ಸೋಗೆ ಸಮೇತ ಬಸ್ಸಿನ ಮೇಲೆ ಕಟ್ಟಿದ್ದ. ರೈಲ್ವೆ ಗೇಟು ಹಾಕಿತ್ತು. ನಿಂತ ಬಸ್ಸಿಗೆ ಊರಿನ ಹಸುಗಳೆಲ್ಲ ಬಂದು ಕತ್ತು ಚಾಚಿ ಕಿಟಕಿಯ ಮೇಲೆ ಇಳಿಬಿದ್ದಿದ್ದ ಸೋಗೆಯನ್ನು ಎಳೆಯತೊಡಗಿದವು. ಒಳಗೆ ಪುಣೆಯ ಹೆಂಗಸರ ಕಿರುಚಾಟ. ಗೇಟು ತೆಗೆಯುವಷ್ಟರಲ್ಲಿ ಬಸ್ಸಿನ ಎಡಗಡೆಗೆ ಸೋಗೆಯೇ ಇರಲಿಲ್ಲ. ಮೈಕು ಹಿಡಿದು ನಾನು ಆ ಕಣಿವೆಯ ಬಗ್ಗೆ ಹೇಳಿದ ಎಲ್ಲದಕ್ಕಿಂತ ಆ ಹಸುಗಳೇ ಚೆನ್ನಾಗಿ ಹೇಳಿದವು.

ಮಾವಿನಹುಂಡಿಯಲ್ಲಿ ಕೊಪ್ಪರಿಗೆ ಹದಕ್ಕೆ ಬರುತ್ತಿತ್ತು. ಯಾರೂ ಏಳಲಿಲ್ಲ. ನಲವತ್ತು ಜನ ಬೇಲಿಯ ಪಕ್ಕ ಸಾಲಾಗಿ ಕೂತು ಸರದಿ ಕಾದರು. ಪುಟ್ಟತಾಯಮ್ಮ ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡಿದ್ದನ್ನು, ಗಂಡನಿಗೆ ಕಣ್ಣಲ್ಲೇ ಹೂಂ ಎಂದದ್ದನ್ನು, ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ಬೆಲ್ಲ ಅಚ್ಚಿಗೆ ಇಳಿಯಿತು, ಹೊಂಬಣ್ಣ. ಆಮೇಲೆ ಒಬ್ಬೊಬ್ಬರು ಒಂದೊಂದು ಜಲ್ಲೆ ಹೊತ್ತುಕೊಂಡು ಹೋಗಿ ಸಿದ್ದೇಗೌಡರ ಕೈಗೆ ಕೊಟ್ಟರು. ತಾವು ಹೊತ್ತ ಕಬ್ಬಿನ ಹಾಲು ಕುಡಿದು ಯಾರೂ ಬಾಟಲಿ ತೆಗೆಯಲಿಲ್ಲ. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ವಾಪಸು ಬರುವಾಗ ಮಹದೇವ ಹಾರ್ನು ಬಾರಿಸಿಕೊಂಡೇ ಬಂದ.

ಆಮೇಲಿನ ವರ್ಷಗಳಲ್ಲಿ ಬಹಳ ಬದಲಾಯಿತು. ಗಾಣಕ್ಕೆ ಕರೆಂಟು ಮೋಟರು ಬಂತು. ಮೈಕಿನ ಬದಲು ಕ್ಯಾಸೆಟ್ಟು, ಕ್ಯಾಸೆಟ್ಟಿನ ಬದಲು ಸಿ.ಡಿ. ಬಂದು, ನನ್ನ ದನಿಯನ್ನೇ ಮುದ್ರಿಸಿ ನನ್ನನ್ನೇ ಸುಮ್ಮನೆ ಕೂರಿಸಿದರು. ಸುತ್ತಲಿನ ಆಲೆಮನೆಗಳು ಒಂದೊಂದಾಗಿ ನಿಂತವು, ಕಬ್ಬು ಲಾರಿ ಹತ್ತಿ ಕಾರ್ಖಾನೆಗೆ ಹೋಯಿತು. ಸಿದ್ದೇಗೌಡರು ಗಾಣ ಮಾರಲಿಲ್ಲ. ಬೇರೆ ದಿನಗಳಲ್ಲೂ ಕಬ್ಬು ಹೊತ್ತ ಬಸ್ಸುಗಳು ಬರುತ್ತಿದ್ದವು. ಅಲ್ಲಿನ ನಿಯಮ ಎಲ್ಲರಿಗೂ ಗೊತ್ತಾಗಿತ್ತು.

ಆದರೆ ನನ್ನೊಳಗೆ ಒಂದು ಮುಳ್ಳು ಉಳಿದೇ ಇತ್ತು. ಪುಟ್ಟತಾಯಮ್ಮ ನನ್ನ ಜೊತೆ ಚೆನ್ನಾಗಿಯೇ ಮಾತಾಡುತ್ತಿದ್ದರು. ಮಳೆ, ಮೊಮ್ಮಗಳ ಮದುವೆ, ಮಂಡಿನೋವು, ಎಲ್ಲ. ಆದರೆ ಅಷ್ಟು ವರ್ಷಗಳಲ್ಲಿ ಒಂದು ದಿನವೂ ಅವರು ನನಗೆ ಕೈಯಾರೆ ಒಂದು ಲೋಟ ಹಾಲು ಕೊಡಲಿಲ್ಲ. ನಾನು ತಂದ ಕಬ್ಬು, ನಾನು ಕುಡಿದ ಹಾಲು. ನಿಯಮ ಮಾಡಿದವಳು ನಾನೇ, ದೂರುವ ಹಾಗಿರಲಿಲ್ಲ. ಆದರೂ ಕ್ಷಮಿಸಿದ್ದಾರೋ ಇಲ್ಲವೋ ಎಂದು ಪ್ರತಿ ಶನಿವಾರ ಅವರ ಮುಖ ನೋಡುತ್ತಿದ್ದೆ.

ನಿವೃತ್ತಿಯಾದ ಮರುವಾರ, ಬಸ್ಸಿಲ್ಲದೆ, ಬರೀ ಹೇಳಿ ಹೋಗೋಣವೆಂದು ಮಾವಿನಹುಂಡಿಗೆ ಹೋದೆ. ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ಅಭ್ಯಾಸಬಲ. ಮಹದೇವನ ಮಾವನ ಗದ್ದೆಯಲ್ಲಿ ಇಳಿದು ಒಂದು ಜಲ್ಲೆ ಮುರಿಸಿಕೊಂಡು, ಮತ್ತೆ ಬಸ್ಸು ಹತ್ತಿ, ಕಂಡಕ್ಟರಿಂದ ಬೈಸಿಕೊಂಡು ಹೋದೆ. ಚಪ್ಪರದ ಹತ್ತಿರ ಹೋಗಿ, ಬೇಲಿಯ ಪಕ್ಕ ನನ್ನ ಮಾಮೂಲು ಜಾಗದಲ್ಲಿ ಸರದಿಗೆ ಕೂತೆ. ಕೊಪ್ಪರಿಗೆ ಹದಕ್ಕೆ ಬರುವ ಹೊತ್ತು. ಪುಟ್ಟತಾಯಮ್ಮ ನನ್ನನ್ನು ನೋಡಿದರು, ರಸ್ತೆಯ ಕಡೆ ನೋಡಿದರು.

"ಬಸ್ಸೆಲ್ಲಿ ಜಯವ್ವ?"

"ಇನ್ಮೇಲೆ ಬಸ್ಸಿಲ್ಲ ಕಣಮ್ಮ. ರಿಟೈರ್ ಆಯ್ತು. ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ."

ಅವರು ಕೊಪ್ಪರಿಗೆಯನ್ನು ಒಂದು ಸಲ ನೋಡಿದರು. ಆಮೇಲೆ ಕೈಯಲ್ಲಿದ್ದ ಸೌಟನ್ನು ಸೊಸೆಯ ಕೈಗೆ ಕೊಟ್ಟು, "ನೀನು ನೋಡ್ಕೊ" ಎಂದರು. ಮಂಡಿಯ ಮೇಲೆ ಕೈಯೂರಿ ಎದ್ದರು. ನನ್ನ ಹತ್ತಿರ ಬಂದು ಕೈಯಲ್ಲಿದ್ದ ಜಲ್ಲೆಯನ್ನು ತೆಗೆದುಕೊಂಡು ಬೇಲಿಗೆ ಒರಗಿಸಿದರು. ಗಾಣದ ಕೆಳಗೆ ಲೋಟ ಹಿಡಿದು, ತುಂಬಿ, ಸೆರಗಿನಿಂದ ಅಂಚು ಒರೆಸಿ ನನ್ನ ಕೈಗೆ ಕೊಟ್ಟರು.

"ಇದು ನಮ್ಮ ಕಬ್ಬು. ಕುಡಿ" ಎಂದರು.